ಎರಡು ಗಂಟೆ ಅಂದರೆ ಎಂಟು ಗಂಟೆ

ಪಾಠ ಮಾಡಲು ಇಥಿಯೋಪಿಯಾದ ಜಿಮ್ಮಾಕ್ಕೆ ಹೋದ ಮೂರನೇ ದಿನವೇ ನನ್ನ ಮರ್ಯಾದೆ ಹೋಯಿತು. "ನಾಳೆ ಎರಡೂವರೆಗೆ ನಿಮ್ಮ ಮೊದಲ ಕ್ಲಾಸ್" ಅಂತ ಆಫೀಸಿನವನು ಹೇಳಿದ್ದ. ಮಧ್ಯಾಹ್ನ ಊಟ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹತ್ತು ನಿಮಿಷ ಮುಂಚೆಯೇ ಹೋಗಿ ನಿಂತೆ. ಕೊಠಡಿ ಖಾಲಿ. ಕಸ ಗುಡಿಸುತ್ತಿದ್ದ ಹೆಂಗಸು ನನ್ನ ಮುಖ ನೋಡಿ ನಕ್ಕಳು. ಹುಡುಗರೆಲ್ಲ ಬೆಳಿಗ್ಗೆ ಎಂಟೂವರೆಗೇ ಬಂದು, ಕಾದು, ಎದ್ದು ಹೋಗಿದ್ದರು.

ಇಥಿಯೋಪಿಯಾದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಎಂಟು ಅವರ ಎರಡು. ಸಮಭಾಜಕಕ್ಕೆ ಹತ್ತಿರದ ದೇಶವಾದ್ದರಿಂದ ಸೂರ್ಯ ವರ್ಷವಿಡೀ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹುಟ್ಟುತ್ತಾನೆ, ಲೆಕ್ಕ ಕೆಡುವುದಿಲ್ಲ. ಯೋಚಿಸಿದರೆ ಅವರದ್ದೇ ಸರಿ ಅನಿಸುತ್ತದೆ. ಎಲ್ಲರೂ ಗೊರಕೆ ಹೊಡೆಯುವ ಹೊತ್ತಲ್ಲಿ ಹೊಸ ದಿನ ಶುರು ಮಾಡುವ ನಾವೇ ವಿಚಿತ್ರ. ನಮ್ಮ ಪಂಚಾಂಗವೂ ಸೂರ್ಯೋದಯದಿಂದಲೇ ಗಳಿಗೆ ಎಣಿಸುತ್ತದೆ, ಅಲ್ವಾ?

ಕ್ಯಾಲೆಂಡರ್ ಕೂಡ ಬೇರೆ. ಮೂವತ್ತು ದಿನದ ಹನ್ನೆರಡು ತಿಂಗಳು, ಉಳಿದ ಐದೋ ಆರೋ ದಿನಕ್ಕೆ ಪಾಗುಮೆ ಅಂತ ಹದಿಮೂರನೆಯದೊಂದು ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ. ನಾನು ಹೋದದ್ದು 2014ರ ಅಕ್ಟೋಬರ್‌ನಲ್ಲಿ. ಕೈಗೆ ಕೊಟ್ಟ ಗುರುತಿನ ಚೀಟಿಯಲ್ಲಿ 2007 ಅಂತಿತ್ತು. ಏಳು ವರ್ಷ ಚಿಕ್ಕವನಾದೆ ಅಂತ ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ನಗಲಿಲ್ಲ. "ಅಲ್ಲಿ ಕಾಫಿ ಹೆಂಗಿದೆ?" ಅಂದರು.

ಅಪ್ಪ ಕೇಳಿದ್ದಕ್ಕೆ ಕಾರಣವಿದೆ. ನಮ್ಮದು ಮೂಡಿಗೆರೆ ಕಡೆ ನಾಲ್ಕು ಎಕರೆ ಅರೇಬಿಕಾ ತೋಟ. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಆಗ ಇಥಿಯೋಪಿಯಾದಲ್ಲಿ ಸಾಲುಸಾಲಾಗಿ ಹೊಸ ವಿಶ್ವವಿದ್ಯಾಲಯಗಳು ಏಳುತ್ತಿದ್ದವು, ಪಾಠ ಮಾಡಲು ನಮ್ಮ ಕಡೆಯವರು ದಂಡಿಯಾಗಿ ಹೋಗುತ್ತಿದ್ದರು. ಇದೇನು ಹೊಸದಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲೇ ಭಾರತದಿಂದ, ಅದರಲ್ಲೂ ಕೇರಳದಿಂದ, ಶಾಲೆಗಳಿಗೆ ಮೇಷ್ಟ್ರುಗಳು ಹೋಗಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಮುದುಕರು ನನ್ನನ್ನು ನೋಡಿದ ಕೂಡಲೇ "ಹಿಂದ್?" ಅಂತ ಕೇಳಿ, ತಮಗೆ ಲೆಕ್ಕ ಕಲಿಸಿದ ಮೇಷ್ಟ್ರ ಕಥೆ ತೆಗೆಯುತ್ತಿದ್ದರು. ಮಕ್ಕಳು ಮಾತ್ರ ಹಿಂದೆಯೇ ಓಡಿಬಂದು "ಫೆರೆಂಜಿ! ಫೆರೆಂಜಿ!" ಅಂತ ಕೂಗುತ್ತಿದ್ದವು. ನಮ್ಮ ಫರಂಗಿಯೇ ಅದು. ಬಿಳಿಯರಿಗೆ ನಾವು ಇಟ್ಟ ಹೆಸರನ್ನು ನನ್ನ ಬೆನ್ನಿಗೇ ಅಂಟಿಸಿದಾಗ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಹೊಳೆಯಿತು, ಅವರು ತಮ್ಮನ್ನು ಕರೆದುಕೊಳ್ಳುವುದು ಹಬೆಶಾ ಅಂತ. ಅದನ್ನು ನಾವು ಹಬಶಿ ಮಾಡಿಕೊಂಡಿದ್ದೇವೆ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನನಂಥ ಹಬಶಿಗಳು ರಾಜ್ಯಭಾರವನ್ನೇ ನಡೆಸಿದ್ದರು. ಇಥಿಯೋಪಿಯಾದಿಂದ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದಲ್ಲಿ ಮೊಘಲರನ್ನೇ ಕಾಡಿಸಿ 1626ರಲ್ಲಿ ತೀರಿಕೊಂಡ. ಲೆಕ್ಕ ಚುಕ್ತಾ ಅಂದುಕೊಂಡು ಸುಮ್ಮನಾದೆ.

ಅಂದಹಾಗೆ ಅಲ್ಲಿ ಆಟೋಗೆ ಹೆಸರು ಬಜಾಜ್. ಯಾವ ಕಂಪನಿಯದ್ದಾದರೂ ಸರಿ, ಅದು ಬಜಾಜೇ.

ಭೂಪಟದಲ್ಲಿ ಇಥಿಯೋಪಿಯಾ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ದೇಶ ಅರ್ಥವಾಗಬೇಕಾದರೆ ಹತ್ತಬೇಕು, ಇಳಿಯಬೇಕು. ವಿಸ್ತೀರ್ಣ ಕರ್ನಾಟಕದ ಸುಮಾರು ಆರು ಪಟ್ಟು. ಜನ ಹನ್ನೆರಡು ಕೋಟಿಗೂ ಜಾಸ್ತಿ, ಆಫ್ರಿಕಾದಲ್ಲಿ ನೈಜೀರಿಯಾ ಬಿಟ್ಟರೆ ಇವರೇ. ರಾಜಧಾನಿ ಅಡಿಸ್ ಅಬಾಬಾ ಇರುವುದು 2,300 ಮೀಟರ್‌ಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ ಮೇಲೆ ಲಕ್ಷಾಂತರ ಜನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿರುತ್ತಾರೆ. ಅದೇ ದೇಶದ ಈಶಾನ್ಯ ಮೂಲೆಯ ದನಾಕಿಲ್ ತಗ್ಗು ಸಮುದ್ರಮಟ್ಟಕ್ಕಿಂತ ನೂರು ಮೀಟರ್‌ಗೂ ಕೆಳಗೆ. ಅಲ್ಲಿ ಅಫಾರ್ ಜನ ಉಪ್ಪನ್ನು ಇಟ್ಟಿಗೆಯ ಹಾಗೆ ಕಡಿದು ಒಂಟೆ ಮೇಲೆ ಹೇರುತ್ತಾರೆ. ಆ ಉಪ್ಪಿನ ಗಟ್ಟಿಯೇ ಒಂದು ಕಾಲಕ್ಕೆ ದೇಶದ ದುಡ್ಡು, ಅಮೋಲೆ ಅಂತ ಹೆಸರು.

ಅಡಿಸ್‌ನಿಂದ ಜಿಮ್ಮಾಕ್ಕೆ ಸುಮಾರು 350 ಕಿಲೋಮೀಟರ್. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಬಸ್ ಹತ್ತಬೇಕು. ಗಿಬೆ ನದಿಯ ಕಣಿವೆಗೆ ಇಳಿಯುತ್ತಿದ್ದಂತೆ ಸ್ವೆಟರ್ ಬಿಚ್ಚಬೇಕು, ಬೆವರು ಒರೆಸಬೇಕು. ಸೇತುವೆ ದಾಟಿ ಮತ್ತೆ ಹತ್ತುವಾಗ ಕಿಟಕಿ ಹಾಕಬೇಕು. ಒಂದೇ ದಿನದಲ್ಲಿ ಚಿಕ್ಕಮಗಳೂರಿನಿಂದ ರಾಯಚೂರಿಗೆ ಹೋಗಿ ವಾಪಸ್ ಬಂದ ಹಾಗೆ. ಇಂಥ ಕಣಿವೆಗಳು ದೇಶದ ತುಂಬ ಇವೆ. ಎಂಬತ್ತಕ್ಕೂ ಹೆಚ್ಚು ಭಾಷೆಗಳು ಬದುಕಿ ಉಳಿದದ್ದು ಹೇಗೆ ಅಂತ ಬೇರೆ ವಿವರಣೆ ನನಗೆ ಬೇಕಾಗಲಿಲ್ಲ.

ಭಾಷೆ ಅಂದಾಗ ಒಂದು ವಿಷಯ ಹೇಳಲೇಬೇಕು. ಅಮ್ಹಾರಿಕ್ ಲಿಪಿಯನ್ನು ಬೋರ್ಡುಗಳ ಮೇಲೆ ಮೊದಲು ಕಂಡಾಗ ಕೋಲು ಕೋಲಾಗಿ ನಿಂತ ಮನುಷ್ಯರ ಸಾಲಿನಂತೆ ಕಂಡಿತ್ತು. ಒಬ್ಬ ವಿದ್ಯಾರ್ಥಿ ಕೂರಿಸಿ ಹೇಳಿಕೊಟ್ಟ: ಲೆ, ಲು, ಲಿ, ಲಾ, ಲೇ, ಲ್, ಲೋ. ನಾನು ಪೆನ್ನು ಕೆಳಗಿಟ್ಟೆ. ಇದು ಕಾಗುಣಿತ! ಒಂದು ವ್ಯಂಜನ, ಅದಕ್ಕೆ ಕಾಲೋ ಕೊಂಬೋ ಸೇರಿಸಿ ಏಳು ರೂಪ. ಮಾರನೇ ದಿನ ಕ್ಲಾಸಿನಲ್ಲಿ ಕಾಂಕ್ರೀಟ್ ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ಕ ಕಾ ಕಿ ಕೀ ಬರೆದೆ. ಇಡೀ ಕ್ಲಾಸು ರಾಗವಾಗಿ ಓದಿತು. ಹಿಂದಿನ ಬೆಂಚಿನಿಂದ ಒಬ್ಬ ಮಾತ್ರ ಮೆಲ್ಲಗೆ, "ಸಾರ್, ನಮ್ಮದು ಎಬಿಸಿಡಿ" ಅಂದ. ಅವನು ಒರೊಮೊ. ದೇಶದ ಅತಿ ದೊಡ್ಡ ಜನಾಂಗ ಅವರದ್ದು, ಜಿಮ್ಮಾ ಇರುವುದೂ ಅವರದ್ದೇ ಪ್ರಾಂತ್ಯದಲ್ಲಿ. 1991ರಿಂದ ಅವರು ತಮ್ಮ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ, ಹಳೆಯ ಲಿಪಿ ಆಳಿದವರ ಲಿಪಿ ಅಂತ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ನಾನು ಬೋರ್ಡು ಒರೆಸಿ ಕಾಂಕ್ರೀಟಿಗೆ ವಾಪಸ್ ಬಂದೆ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಅರವತ್ತು ದಾಟಿದವರು. ಎಲ್ಲರೂ ಎಮಾಮಾ ಅಂತ ಕರೆಯುತ್ತಿದ್ದರು, ಅಜ್ಜಿ ಅಂದ ಹಾಗೆ. ನನ್ನನ್ನು ಅವರು ಲಿಜೆ ಅನ್ನುತ್ತಿದ್ದರು, ಮಗನೇ ಅಂತ. ಗುರಾಗೆ ಜನಾಂಗದವರು. ವ್ಯಾಪಾರಕ್ಕೆ ಹೆಸರಾದ ಜನ. ಎಮಾಮಾ ಕೂಡ ಮಾರ್ಕೆಟ್ಟಿನಲ್ಲಿ ಮಸಾಲೆ ಅಂಗಡಿ ನಡೆಸಿ ಮೂರು ಮಕ್ಕಳನ್ನು ಓದಿಸಿದ್ದರು.

ಭಾನುವಾರ ಅವರ ಮನೆಯಲ್ಲಿ ಬುನಾ. ಬುನಾ ಅಂದರೆ ಕಾಫಿ, ಆದರೆ ಕುಡಿದು ಎದ್ದು ಹೋಗುವ ಕಾಫಿಯಲ್ಲ. ಮೊದಲು ನೆಲಕ್ಕೆ ಹಸಿ ಹುಲ್ಲು ಹರಡುತ್ತಾರೆ. ಹಸಿರು ಬೀಜವನ್ನು ತೊಳೆದು, ಇದ್ದಿಲ ಒಲೆಯ ಮೇಲೆ ಕಣ್ಣೆದುರೇ ಹುರಿಯುತ್ತಾರೆ. ಹೊಗೆ ಏಳುತ್ತಿರುವ ಬಾಣಲೆಯನ್ನು ಒಬ್ಬೊಬ್ಬರ ಮುಖದ ಹತ್ತಿರ ತರುತ್ತಾರೆ. ಮಂಗಳಾರತಿ ತಟ್ಟೆಗೆ ಕೈ ಒಡ್ಡುವಂತೆ ನಾವು ಆ ಹೊಗೆಯನ್ನು ಕೈಯಿಂದ ಮೂಗಿಗೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಬಗ್ಗಿಸುತ್ತಾರೆ. ಮೊದಲ ಸುತ್ತು ಅಬೋಲ್, ಗಟ್ಟಿ. ಅದೇ ಚರಟಕ್ಕೆ ನೀರು ಹಾಕಿ ಎರಡನೆಯದು, ತೋನಾ. ಮೂರನೆಯದು ಬೆರೆಕಾ, ಆಶೀರ್ವಾದ. ಬೆರೆಕಾ ಕುಡಿಯದೆ ಏಳುವುದು ಅಂದರೆ ಊಟಕ್ಕೆ ಕೂತು ಮಜ್ಜಿಗೆಗೆ ಮುಂಚೆ ಎದ್ದ ಹಾಗೆ.

ಒಂದು ರಜೆಯಲ್ಲಿ ಊರಿಂದ ಫಿಲ್ಟರ್ ಕಾಫಿ ಪುಡಿ ಒಯ್ದು ಎಮಾಮಾಗೆ ಡಿಕಾಕ್ಷನ್ ಇಳಿಸಿಕೊಟ್ಟೆ. ಒಂದು ಗುಟುಕು ಕುಡಿದು ಬಾಯೊಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡರು.

"ಇದರಲ್ಲಿ ಬೇರೆ ಏನೋ ಇದೆ."

"ಚಿಕೋರಿ. ಒಂದು ಬೇರು. ಹುರಿದು ಬೆರೆಸುತ್ತಾರೆ."

"ನಿಮ್ಮಪ್ಪ ಕಾಫಿ ಬೆಳೀತಾರೆ ಅಂದಿದ್ದೆ?"

"ಹೌದು."

"ಮತ್ತೆ ಬೇರು ಯಾಕೆ ಕುಡೀತೀರಾ?"

ಉತ್ತರ ಹೇಳಲು ಹೋದರೆ ಅದು ದುಡ್ಡಿನ ಕಥೆಯಾಗುತ್ತದೆ. ಒಳ್ಳೆಯದು ಹೊರಗೆ ಹೋಗುತ್ತದೆ, ಉಳಿದದ್ದಕ್ಕೆ ನಾವು ಏನಾದರೂ ಬೆರೆಸಿಕೊಳ್ಳುತ್ತೇವೆ. ತಮಾಷೆಯೆಂದರೆ, ಎಮಾಮಾ ಕುಡಿಯುತ್ತಿದ್ದದ್ದೂ ಉಳಿದದ್ದೇ. ರಫ್ತಿಗೆ ಲಾಯಕ್ಕಾದ ಕಾಫಿಯನ್ನು ದೇಶದೊಳಗೆ ಮಾರಕೂಡದು ಅಂತ ಆಗ ಕಾನೂನೇ ಇತ್ತು. ಜರಡಿಯಲ್ಲಿ ಉಳಿದದ್ದು, ಒಡೆದದ್ದು, ಕಪ್ಪಾದದ್ದು ಊರಿನವರಿಗೆ. ಬೆಳೆದದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಅವರೇ ಕುಡಿದು ಮುಗಿಸುತ್ತಾರೆ, ಆದರೆ ಮೇಲಿನ ಅರ್ಧವನ್ನಲ್ಲ.

ಇಲ್ಲಿಂದ ಆ ದೇಶದ ಆರ್ಥಿಕತೆ ನನಗೆ ಅರ್ಥವಾಗತೊಡಗಿತು. ಎಮಾಮಾರ ತಮ್ಮನ ತೋಟ ಅಗಾರೋ ಹತ್ತಿರ, ಜಿಮ್ಮಾದಿಂದ ಪಶ್ಚಿಮಕ್ಕೆ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಕಾಫಾ ಸೀಮೆ. ಅಲ್ಲಿನ ಕಾಡುಗಳಲ್ಲಿ ಕಾಫಿ ಈಗಲೂ ತಾನೇ ಹುಟ್ಟಿ ಬೆಳೆಯುತ್ತದೆ. ಬಾಬಾ ಬುಡನ್ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದರು ಅಂತ ನಾವು ಹೇಳುತ್ತೇವಲ್ಲ, ಯೆಮನ್ನಿಗೆ ಅದು ಹೋದದ್ದು ಈ ಕಡೆಯಿಂದ. ತೋಟಕ್ಕೆ ಕಾಲಿಟ್ಟಾಗ ನಮ್ಮ ಮನೆ ಹಿತ್ತಲಿಗೆ ಬಂದ ಹಾಗಾಯಿತು. ಅದೇ ಮರದ ನೆರಳು, ಅದೇ ತರಗೆಲೆಯ ವಾಸನೆ. ಮೆಣಸಿನ ಬಳ್ಳಿ ಕಾಣಲಿಲ್ಲ, ನೆರಳಿನಲ್ಲಿ ಕೊರೆರಿಮಾ ಅನ್ನುವ ಅವರ ಏಲಕ್ಕಿ ಇತ್ತು. ಒಂದು ಹೆಕ್ಟೇರ್ ಕೂಡ ಇಲ್ಲ. ಅಲ್ಲಿ ಹೆಚ್ಚಿನ ಬೆಳೆಗಾರರದ್ದು ಅಷ್ಟೇ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ವರ್ಣಿಸಿದೆ. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಪಹಣಿ ಯಾರ ಹೆಸರಲ್ಲಿದೆ?" ಯಾರ ಹೆಸರಲ್ಲೂ ಇಲ್ಲ. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿದ ಮಿಲಿಟರಿ ಸರ್ಕಾರ ಮರುವರ್ಷವೇ ಎಲ್ಲ ಜಮೀನನ್ನೂ ಸರ್ಕಾರದ್ದು ಅಂತ ಮಾಡಿತು. ಜಮೀನ್ದಾರರು ಹೋದರು, ಒಳ್ಳೆಯದೇ. ಆಮೇಲೆ ಬಂದವರೂ 1995ರ ಸಂವಿಧಾನದಲ್ಲಿ ಅದನ್ನು ಹಾಗೇ ಉಳಿಸಿಕೊಂಡರು. ರೈತ ಉಳಬಹುದು, ಮಕ್ಕಳಿಗೆ ಬಿಡಬಹುದು, ಮಾರುವ ಹಾಗಿಲ್ಲ. "ಬ್ಯಾಂಕಿನವರು ಸಾಲ ಹೆಂಗೆ ಕೊಡ್ತಾರೆ?" ಅಂದರು ಅಪ್ಪ. ಕೊಡೋದಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹರಾಜೂ ಹಾಕಂಗಿಲ್ಲ" ಅಂದರು. ಬೆಳೆಸಾಲದ ನೋಟಿಸ್ ಕಂಡವರ ಮಾತು ಅದು.

ಅಪ್ಪನಿಗೂ ಅಗಾರೋದ ಆ ರೈತನಿಗೂ ಪರಿಚಯವಿಲ್ಲ. ಇಬ್ಬರ ಹಣೆಬರಹ ಬರೆಯುವುದು ಮಾತ್ರ ನ್ಯೂಯಾರ್ಕ್ ಮಾರ್ಕೆಟ್. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ಇಬ್ಬರಿಗೂ ಒಳಗೊಳಗೇ ಖುಷಿ. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಕಾಫಿ ಬೆಲೆ ಬಿದ್ದರೆ ಮಲೆನಾಡು, ಕೊಡಗು ಒದ್ದಾಡುತ್ತವೆ, ದೇಶಕ್ಕೆ ಗೊತ್ತೂ ಆಗುವುದಿಲ್ಲ. ಅಲ್ಲಿ ಕಾಫಿ ಬಿದ್ದರೆ ದೇಶದ ಬೊಕ್ಕಸದಲ್ಲಿ ಡಾಲರೇ ಇರುವುದಿಲ್ಲ. ನಾನಿದ್ದಾಗ ರಫ್ತಿನ ದೊಡ್ಡ ಪಾಲು ಅದೇ ಆಗಿತ್ತು. ಉಳಿದದ್ದು ಎಳ್ಳು, ಗುಲಾಬಿ ಹೂವು, ಜಗಿಯುವ ಚಾಟ್ ಸೊಪ್ಪು, ಚಿನ್ನ. ಜೊತೆಗೆ ಆಫ್ರಿಕಾದಲ್ಲೇ ದೊಡ್ಡದಾದ ವಿಮಾನ ಕಂಪನಿ.

ಡಾಲರ್ ಇಲ್ಲ ಅಂದರೆ ಏನು ಅಂತ ನನಗೆ ತಿಳಿದದ್ದು ಔಷಧಿ ಅಂಗಡಿಯಲ್ಲಿ. ಜತೆಗಿದ್ದ ಉಪನ್ಯಾಸಕರೊಬ್ಬರಿಗೆ ಬಿಪಿ ಮಾತ್ರೆ ಬೇಕಿತ್ತು. "ಯೆಲ್ಲೆಮ್" ಅಂದಳು ಅಂಗಡಿಯವಳು. ಆ ಭಾಷೆಯಲ್ಲಿ ನಾನು ಮೊದಲು ಕಲಿತ ಪದ ಇದೇ ಇರಬೇಕು. ಇಲ್ಲ ಅಂತ ಅರ್ಥ. ಮಾತ್ರೆ ಯೆಲ್ಲೆಮ್, ಯಾಕೆಂದರೆ ತರಿಸುವವನಿಗೆ ಬ್ಯಾಂಕಿನಲ್ಲಿ ಡಾಲರ್ ಯೆಲ್ಲೆಮ್. ಸಿಮೆಂಟ್ ಕಾರ್ಖಾನೆಗೆ ಬಿಡಿಭಾಗ ಯೆಲ್ಲೆಮ್. ಕೆಲವು ರಫ್ತುದಾರರು ಕಾಫಿಯನ್ನು ನಷ್ಟಕ್ಕೇ ಹೊರಗೆ ಮಾರುತ್ತಿದ್ದರು. ಹುಚ್ಚಲ್ಲ, ಲೆಕ್ಕ. ಕಾಫಿಯಿಂದ ಸಿಕ್ಕ ಡಾಲರಿನಲ್ಲಿ ಕಬ್ಬಿಣವೋ ವಾಹನವೋ ತರಿಸಿ ಮಾರಿದರೆ ನಷ್ಟ ತುಂಬಿ ಲಾಭವೂ ಉಳಿಯುತ್ತಿತ್ತು. ಕಾಫಿ ಅವರಿಗೆ ಬೆಳೆಗಿಂತ ಹೆಚ್ಚಾಗಿ ಡಾಲರ್ ಕೊಳ್ಳುವ ಟಿಕೆಟ್ ಆಗಿತ್ತು.

ಸಮುದ್ರವೂ ಯೆಲ್ಲೆಮ್. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದಾಗ ಕರಾವಳಿ ಪೂರ್ತಿ ಅದರ ಜೊತೆ ಹೋಯಿತು. ಈಗ ಸರಕೆಲ್ಲ ಹೆಚ್ಚಾಗಿ ಜಿಬೂಟಿ ಬಂದರಿನಿಂದ. ಚೀನಾದವರು ಕಟ್ಟಿಕೊಟ್ಟ ಅಡಿಸ್–ಜಿಬೂಟಿ ರೈಲು ದಾರಿ 2016ರಲ್ಲಿ ಉದ್ಘಾಟನೆಯಾದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ದರು. ವರ್ಷಕ್ಕೆ ಶೇಕಡಾ ಹತ್ತರ ಆಸುಪಾಸಿನಲ್ಲಿ ಬೆಳೆಯುತ್ತಿದ್ದ ದೇಶ ಅದು ಆಗ. ಎಲ್ಲಿ ನೋಡಿದರೂ ಯೂಕಲಿಪ್ಟಸ್ ಕಂಬ ಕಟ್ಟಿ ನಿಲ್ಲಿಸಿದ ಸಾರುವೆ, ಅರ್ಧ ಎದ್ದ ಕಟ್ಟಡ. ಸಿವಿಲ್ ಮೇಷ್ಟ್ರಿಗೆ ಹಬ್ಬ.

ಎಮಾಮಾರ ಆರ್ಥಿಕತೆ ಇದಕ್ಕಿಂತ ಗಟ್ಟಿ ಇತ್ತು. ಅದು ನಡೆಯುತ್ತಿದ್ದದ್ದು ಇಕ್ಕುಬ್ ಮೇಲೆ. ನಮ್ಮ ಚೀಟಿ. ಮಾರ್ಕೆಟ್ಟಿನ ಹೆಂಗಸರು ತಿಂಗಳು ತಿಂಗಳು ದುಡ್ಡು ಹಾಕುತ್ತಾರೆ, ಒಬ್ಬರು ಎತ್ತುತ್ತಾರೆ. ನಮ್ಮಲ್ಲಿ ಕೂಗುವ ಚೀಟಿ ಇದೆಯಲ್ಲ, ಅಗತ್ಯವಿರುವವರು ಕಮ್ಮಿಗೆ ಕೂಗಿ ತೆಗೆದುಕೊಳ್ಳುವುದು, ಅದನ್ನು ಹೇಳಿದರೆ ಎಮಾಮಾ ಮುಖ ಕಿವುಚಿದರು. ಕಷ್ಟದಲ್ಲಿರುವವಳ ಹತ್ತಿರವೇ ಕಮ್ಮಿ ಕೊಟ್ಟು ಕಳಿಸುವುದಾ? ಅವರದ್ದು ಹೆಸರು ಬರೆದ ಕಾಗದ ಎತ್ತುವುದು, ಅಷ್ಟೇ. ಇನ್ನೊಂದು ಇದಿರ್. ಸಾವಿನ ಸಂಘ. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಗಂಟೆಯೊಳಗೆ ಟೆಂಟು, ಬೆಂಚು, ದೊಡ್ಡ ಪಾತ್ರೆ ಎಲ್ಲ ಬಂದುಬಿಡುತ್ತವೆ. ಸತ್ತವರ ಮನೆಯವರು ಒಲೆ ಹಚ್ಚುವಂತಿಲ್ಲ. ನನ್ನನ್ನೂ ಸೇರಿಸಿದ್ದರು ಎಮಾಮಾ. ನಾನು ಬೇಡ ಅಂದರೆ, "ಇಲ್ಲೇ ಸತ್ತರೆ ನಿನ್ನನ್ನು ಯಾರು ನೋಡ್ತಾರೆ ಲಿಜೆ?" ಅಂತ ಕೇಳಿದರು. ಹೂಂ ಅಂದೆ.

ಊಟದ ಚಿಂತೆ ನನಗಿರಲಿಲ್ಲ. ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಮತ್ತೆ ಈಸ್ಟರ್‌ಗೆ ಮುಂಚೆ ಐವತ್ತೈದು ದಿನ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಹೋಟೆಲಿನಲ್ಲಿ "ತ್ಸೋಮ್" ಅಂದರೆ ಸಾಕು. ಅಗಲವಾದ ಇಂಜೆರಾ ಮೇಲೆ ಶಿರೋ ಅನ್ನುವ ಕಾಳುಹಿಟ್ಟಿನ ಗೊಜ್ಜು, ಬೇಳೆ, ಸೊಪ್ಪು ಬರುತ್ತದೆ. ಇಂಜೆರಾ ಅಂದರೆ ತೆಫ್ ಅನ್ನುವ ಸಾಸಿವೆಗಿಂತ ಸಣ್ಣ ಕಾಳಿನ ಹುಳಿ ದೋಸೆ. ಮೊದಲ ವಾರ ಒದ್ದೆ ಬಟ್ಟೆ ತಿಂದ ಹಾಗಿತ್ತು, ನಿಜ ಹೇಳಬೇಕು. ಆಮೇಲೆ ಅದಿಲ್ಲದೆ ಊಟ ಸೇರದಾಯಿತು. ಎಲ್ಲರೂ ಒಂದೇ ತಟ್ಟೆಯಲ್ಲಿ ಕೈ ಹಾಕುತ್ತಾರೆ, ಪ್ರೀತಿ ಉಕ್ಕಿದಾಗ ತುತ್ತು ಮಾಡಿ ಪಕ್ಕದವರ ಬಾಯಿಗೇ ಇಡುತ್ತಾರೆ. ಗುರ್ಶಾ. ನಮ್ಮ ಕೈತುತ್ತೇ, ಆದರೆ ಐವತ್ತು ವರ್ಷದ ಪ್ರೊಫೆಸರ್ ಕೂಡ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ದಿನ ಮಾರ್ಕೆಟ್ಟಿನಲ್ಲಿ ದಗುಸಾ ಅಂತ ಚೀಲ ತೆರೆದಿಟ್ಟಿದ್ದರು. ಕೈ ಹಾಕಿದರೆ ರಾಗಿ! ಪೂರ್ವ ಆಫ್ರಿಕಾದ ಈ ಎತ್ತರದ ನೆಲವೇ ಅದರ ತವರು. ಅವರು ಅದರಿಂದ ಹೆಂಡವನ್ನೂ ಮಾಡುತ್ತಾರೆ. ಮುದ್ದೆ ಮಾಡಿ ತೋರಿಸಿದೆ. ಎಮಾಮಾ ಅಗಿದರು. ಮುದ್ದೆ ಅಗಿಯಬಾರದು ಅಂತ ಹೇಳುವಷ್ಟು ಅಮ್ಹಾರಿಕ್ ನನಗೆ ಬರುತ್ತಿರಲಿಲ್ಲ.

ಇಕ್ಕುಬ್ ಎತ್ತಿದ ದುಡ್ಡಿನಲ್ಲಿ ಎಮಾಮಾ ಕೊಂಡದ್ದು ಕರೆಂಟಿನ ಮಿತಾಡ್, ಇಂಜೆರಾ ಹೊಯ್ಯುವ ದೊಡ್ಡ ಹಂಚು. ಸೌದೆ ಹೊಗೆಯಿಂದ ಕಣ್ಣು ಹಾಳಾಗಿತ್ತು ಅವರಿಗೆ. ಮೂರು ದಿನ ಹುಳಿ ಬಂದ ಹಿಟ್ಟು ತಯಾರಾಗಿರುತ್ತಿತ್ತು, ಸ್ವಿಚ್ ಹಾಕಿದರೆ ಮೆಬ್ರಾತ್ ಯೆಲ್ಲೆಮ್. ಕರೆಂಟ್ ಇಲ್ಲ. ಆಗ ದೇಶದ ಅರ್ಧಕ್ಕಿಂತ ಹೆಚ್ಚು ಜನರ ಮನೆಗೆ ತಂತಿಯೇ ಬಂದಿರಲಿಲ್ಲ, ಬಂದವರ ಗತಿ ಇದು. ಅದಕ್ಕೇ ಅವರು ಅಣೆಕಟ್ಟಿನ ಬಾಂಡ್ ಕೊಂಡಿದ್ದರು. ನೀಲಿ ನೈಲ್ ನದಿಗೆ, ಅವರ ಅಬ್ಬಾಯ್‌ಗೆ, 2011ರಲ್ಲಿ ಶುರುವಾದ ಅಣೆಕಟ್ಟು. ವಿಶ್ವಬ್ಯಾಂಕ್ ದುಡ್ಡು ಕೊಡಲಿಲ್ಲ. ನನ್ನ ಜೊತೆಯ ಉಪನ್ಯಾಸಕರು ಒಂದೊಂದು ತಿಂಗಳ ಸಂಬಳ ಕೊಟ್ಟಿದ್ದರು. ಗೊಣಗುತ್ತಲೂ ಇದ್ದರು, ಬಾಂಡಿನ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡೂ ಇದ್ದರು. ಅದು ಹಿಡಿದಿಡುವ ನೀರು 74 ಶತಕೋಟಿ ಘನ ಮೀಟರ್. ನಮ್ಮ ಲೆಕ್ಕದಲ್ಲಿ 2,600 ಟಿಎಂಸಿ, ಐವತ್ತಕ್ಕೂ ಹೆಚ್ಚು ಕೆಆರ್‌ಎಸ್.

ಈಜಿಪ್ಟಿಗೆ ಹೋಗುವ ನೈಲ್ ನೀರಿನಲ್ಲಿ ಶೇಕಡಾ 85ರಷ್ಟು ಇಥಿಯೋಪಿಯಾದ ಬೆಟ್ಟಗಳದ್ದು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಆ ನೀರನ್ನು ತಮ್ಮೊಳಗೇ ಹಂಚಿಕೊಂಡಾಗ ಇವರನ್ನು ಕರೆಯಲೇ ಇಲ್ಲ. 1924ರ ಕಾವೇರಿ ಒಪ್ಪಂದದ ಬಗ್ಗೆ ಗೊಣಗುತ್ತಾ ಬೆಳೆದ ನನಗೆ ಇದು ತಟ್ಟನೆ ಅರ್ಥವಾಯಿತು. ಸ್ಟಾಫ್ ರೂಮಿನಲ್ಲಿ ಇವರ ಪರ ಜೋರಾಗಿ ವಾದ ಮಾಡಿದೆ. ಆದರೆ ಒಂದು ರಾತ್ರಿ ಕೂತು ಓದಿದಾಗ, ಈಜಿಪ್ಟಿನ ನೀರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಆ ಒಂದೇ ನದಿಯದ್ದು ಅಂತ ಕಂಡಿತು. ಮಳೆಯೇ ಇಲ್ಲದ ದೇಶ. ತಂಜಾವೂರಿಗಾದರೂ ಹಿಂಗಾರು ಮಳೆಯಿದೆ. ಮಾರನೇ ದಿನ ನನ್ನ ದನಿ ಸ್ವಲ್ಪ ತಗ್ಗಿತು.

2017ರಲ್ಲಿ ವಾಪಸ್ ಬಂದೆ. ಅದಕ್ಕೆ ಮುಂಚಿನ ವರ್ಷವೇ ತುರ್ತು ಪರಿಸ್ಥಿತಿ ಹೇರಿದ್ದರು, ಮೊಬೈಲ್ ಇಂಟರ್ನೆಟ್ ವಾರಗಟ್ಟಲೆ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಉತ್ತರದ ಟಿಗ್ರೇಯಲ್ಲಿ ಯುದ್ಧ ಶುರುವಾಯಿತು. ಅಲ್ಲಿನ ನನ್ನ ಒಬ್ಬ ವಿದ್ಯಾರ್ಥಿಗೆ ಆಗಾಗ ಕಳಿಸುತ್ತಿದ್ದ ವಾಟ್ಸಾಪ್ ಮೆಸೇಜುಗಳಿಗೆಲ್ಲ ಎರಡು ವರ್ಷ ಒಂದೇ ಟಿಕ್. ಫೋನು, ಬ್ಯಾಂಕು, ಕರೆಂಟು ಎಲ್ಲ ಕತ್ತರಿಸಿದ್ದರು. ಒಪ್ಪಂದವಾದ ಮೇಲೆ ಒಂದು ದಿನ ಕೊನೆಯ ಮೆಸೇಜಿಗೆ ಎರಡನೇ ಟಿಕ್ ಬಂತು. ಅವನು ಬರೆದದ್ದು ಒಂದೇ ಸಾಲು: "ಸಾರ್, ಈಗ ಸೇತುವೆ ರಿಪೇರಿ ಕೆಲಸದಲ್ಲಿದ್ದೇನೆ." ನಾನೇನೂ ಕೇಳಲಿಲ್ಲ.

ಯುದ್ಧ ಬೆಳವಣಿಗೆಯನ್ನು ತಿಂದು ಹಾಕಿತು. 2023ರ ಡಿಸೆಂಬರ್‌ನಲ್ಲಿ ವಿದೇಶಿ ಬಾಂಡಿನ 3.3 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ದೇಶ ಕೈಚೆಲ್ಲಿತು. 2024ರ ಜುಲೈನಲ್ಲಿ ಅವರ ರೂಪಾಯಿ, ಬಿರ್, ಅದರ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಡಾಲರಿಗೆ 57 ಇದ್ದದ್ದು ಸ್ವಲ್ಪ ದಿನದಲ್ಲೇ 100 ದಾಟಿತು. ನಾನು ಹೋದ ಕಾಲಕ್ಕೆ 20ರ ಆಸುಪಾಸು ಇತ್ತು. ರಫ್ತುದಾರರಿಗೆ ಒಳ್ಳೆಯದಾಯಿತು ಅಂತ ಪತ್ರಿಕೆಗಳಲ್ಲಿ ಓದಿದೆ. ಎಮಾಮಾ ಫೋನಿನಲ್ಲಿ ಹೇಳಿದ್ದು ಬೇರೆ. ಎಣ್ಣೆ ಕೊಳ್ಳಲಾಗುತ್ತಿಲ್ಲ, ಬುನಾ ಕೂಡ ದುಬಾರಿ, ಈಗ ಅಬೋಲ್‌ಗೇ ಬೆರೆಕಾದ ರುಚಿ ಅಂದರು.

ಕಳೆದ ಸಲ ಫೋನ್ ಮಾಡಿದ್ದು 2025ರ ಸೆಪ್ಟೆಂಬರ್ 11ಕ್ಕೆ, ಅವರ 2018 ಶುರುವಾದ ದಿನ. ಎರಡು ದಿನ ಮುಂಚೆಯಷ್ಟೇ ಅಣೆಕಟ್ಟಿನ ಉದ್ಘಾಟನೆ ಆಗಿತ್ತು. ಹಿಂದಿನ ದಿನ ಮೆಸೇಜ್ ಹಾಕಿ ಯಾವಾಗ ಮಾಡಲಿ ಅಂತ ಕೇಳಿದ್ದೆ. "ಎರಡು ಗಂಟೆಗೆ" ಅಂತ ಮೊಮ್ಮಗಳು ಬರೆದಿದ್ದಳು. ಈಗ ನಾನು ತಪ್ಪುವುದಿಲ್ಲ. ಎಂಟೂವರೆ ಕೂಡಿಸಬೇಕು, ನಮ್ಮ ಹತ್ತೂವರೆ. ಸರಿಯಾಗಿ ಮಾಡಿದೆ. ಶುಭಾಶಯ ಆಯಿತು, ಅಪ್ಪನ ಆರೋಗ್ಯ ಆಯಿತು, ತೋಟದ ವಿಚಾರ ಆಯಿತು.

"ಅಣೆಕಟ್ಟು ಮುಗೀತಲ್ಲ ಎಮಾಮಾ. ನಿಮ್ಮ ದುಡ್ಡೂ ಇದೆ ಅದರಲ್ಲಿ. ಹಬ್ಬಕ್ಕೆ ಮಿತಾಡ್ ಬಿಸಿಯಾಯ್ತಾ?"

ಆ ಕಡೆಯಿಂದ ಸುರ್ರಂತ ಉಸಿರು ಒಳಗೆಳೆದ ಸದ್ದು ಬಂತು. ಅವರ ಕಡೆ ಹೌದು ಅನ್ನುವುದಕ್ಕೆ ಹಾಗೆ ಮಾಡುತ್ತಾರೆ. ಮೊದಲ ವರ್ಷ ಆ ಸದ್ದು ಕೇಳಿದಾಗಲೆಲ್ಲ ಏನೋ ಅನಾಹುತವಾಯಿತು ಅಂದುಕೊಳ್ಳುತ್ತಿದ್ದೆ.

"ಬಿಸಿಯಾಗಿತ್ತು ಲಿಜೆ" ಅಂದರು. "ನಾಲ್ಕು ಇಂಜೆರಾ ಆಯ್ತು. ಆಮೇಲೆ ಮೆಬ್ರಾತ್ ಯೆಲ್ಲೆಮ್."

ಹಿಂದೆ ಯಾರೋ ಇದ್ದಿಲಿಗೆ ಗಾಳಿ ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.